ಇಂಟರ್‌ಲಾಕಿಂಗ್ ಇದ್ದೂ ರೈಲು ತಪ್ಪು ಹಳಿಗೆ ಹೋಗುವುದು ಹೇಗೆ?

ಪ್ರಶ್ನೆ: ರೈಲ್ವೆ ಸಿಗ್ನಲ್ ವ್ಯವಸ್ಥೆ 'ಫೇಲ್ ಸೇಫ್' ಅನ್ನುತ್ತಾರೆ. ಹಾಗೆಂದರೆ ಅದು ಕೆಡುವುದೇ ಇಲ್ಲವೇ? ಇಂಟರ್‌ಲಾಕಿಂಗ್‌ನಲ್ಲಿ ನಿಜವಾಗಿ ಯಾವುದಕ್ಕೆ ಯಾವುದರಿಂದ ಬೀಗ ಹಾಕುತ್ತಾರೆ? ಇಷ್ಟೆಲ್ಲ ಇದ್ದ ಮೇಲೂ, ಹಸಿರು ದೀಪ ನೋಡಿಕೊಂಡೇ ಹೋದ ರೈಲು ನಿಂತ ರೈಲಿಗೆ ಗುದ್ದುವುದು ಹೇಗೆ ಸಾಧ್ಯ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದನ್ನು ಮೊದಲು ಎತ್ತಿಕೊಳ್ಳುತ್ತೇನೆ. ಆ ಗಂಟು ಬಿಚ್ಚಿದರೆ ಉಳಿದೆರಡು ತಾವಾಗಿಯೇ ಸಡಿಲವಾಗುತ್ತವೆ.

ಒಂದು ಸಣ್ಣ ಸ್ಟೇಷನ್ ಊಹಿಸಿಕೊಳ್ಳಿ. ನೇರ ಹಾದುಹೋಗುವ ಮೇನ್ ಲೈನ್ ಒಂದು, ಪಕ್ಕಕ್ಕೆ ಕವಲೊಡೆದು ಮುಂದೆ ಮತ್ತೆ ಬಂದು ಸೇರುವ ಲೂಪ್ ಲೈನ್ ಒಂದು. ಕವಲಿನ ಜಾಗದಲ್ಲಿ ಪಾಯಿಂಟ್, ಅಂದರೆ ಪಕ್ಕಕ್ಕೆ ಸರಿದು ರೈಲನ್ನು ಈ ದಾರಿಗೋ ಆ ದಾರಿಗೋ ತಿರುಗಿಸುವ ಹಳಿಯ ಭಾಗ. ಅದಕ್ಕಿಂತ ಹಿಂದೆ, ಬರುವ ರೈಲಿಗೆ ಕಾಣುವ ಹಾಗೆ ಸಿಗ್ನಲ್. ಒಂದು ತುದಿಯಲ್ಲಿ ಲೆವೆಲ್ ಕ್ರಾಸಿಂಗ್ ಗೇಟು. ರೈಲ್ವೆಯ ಮೊದಲ ದಶಕಗಳಲ್ಲಿ ಈ ಮೂರಕ್ಕೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಪಾಯಿಂಟ್ ತಿರುಗಿಸುವವನು ಒಬ್ಬ, ಸಿಗ್ನಲ್ ಇಳಿಸುವವನು ಇನ್ನೊಬ್ಬ, ಗೇಟು ಹಾಕುವವನು ಮತ್ತೊಬ್ಬ. ಇವರ ನಡುವೆ ಇದ್ದದ್ದು ಕೂಗು, ಕೈಸನ್ನೆ ಮತ್ತು ನೆನಪು. ಲೂಪಿಗೆ ತಿರುಗಿಸಿದ ಪಾಯಿಂಟನ್ನು ವಾಪಸು ನೇರ ಮಾಡುವುದು ಮರೆತು, 'ಮೇನ್ ಲೈನಿನಲ್ಲಿ ಬಾ' ಎಂದು ಸಿಗ್ನಲ್ ಇಳಿಸಿಬಿಟ್ಟರೆ ಅದನ್ನು ತಡೆಯುವುದು ಏನೂ ಇರಲಿಲ್ಲ.

1856ರಲ್ಲಿ ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ ಪಾಯಿಂಟ್ ಮತ್ತು ಸಿಗ್ನಲ್‌ಗಳನ್ನು ಒಂದಕ್ಕೊಂದು ಹೊಂದಿಸಿ ನಡೆಸುವ ಉಪಕರಣಕ್ಕೆ ಪೇಟೆಂಟ್ ಪಡೆದರು. ಆಮೇಲೆ ಬಂದ ಲಿವರ್ ಫ್ರೇಮ್‌ಗಳ (ಪಾಯಿಂಟ್, ಸಿಗ್ನಲ್‌ಗಳನ್ನು ಎಳೆಯುವ ಹಿಡಿಗೋಲುಗಳನ್ನು ಸಾಲಾಗಿ ನಿಲ್ಲಿಸಿದ ಚೌಕಟ್ಟುಗಳ) ಹೊಟ್ಟೆಯಲ್ಲಿ ಉಕ್ಕಿನ ಪಟ್ಟಿಗಳಿರುತ್ತವೆ, ಪಟ್ಟಿಗಳಲ್ಲಿ ಕಚ್ಚುಗಳಿರುತ್ತವೆ. ಒಂದು ಲಿವರ್ ಎಳೆದರೆ ಒಂದು ಉಕ್ಕಿನ ತುಂಡು ಸರಿದು ಇನ್ನೊಂದು ಲಿವರಿನ ಪಟ್ಟಿಯ ಕಚ್ಚಿಗೆ ಹೋಗಿ ಕೂರುತ್ತದೆ. ನಾನು ಕೆಲಸ ಕಲಿತದ್ದು ಇಂಥ ಫ್ರೇಮ್ ಒಂದರ ಮುಂದೆ. ಮೊದಲ ವಾರ ನಮ್ಮ ಮೇಸ್ತ್ರಿ, "ಪಾಯಿಂಟ್ ಲೂಪಿಗಿದೆ. ಈಗ ಮೇನ್ ಲೈನ್ ಸಿಗ್ನಲ್ ಎಳಿ ನೋಡೋಣ" ಅಂದರು. ಎರಡೂ ಕಾಲು ಊರಿ, ಹಲ್ಲು ಕಚ್ಚಿ ಎಳೆದೆ. ಲಿವರ್ ಅರ್ಧ ಇಂಚು ಬಂದು 'ಟಕ್' ಎಂದು ನಿಂತಿತು. ಆ ಅರ್ಧ ಇಂಚೂ ಕೀಲುಗಳ ಸವೆತದ ಸಡಿಲ ಅಷ್ಟೆ. "ಇದೇ ಇಂಟರ್‌ಲಾಕಿಂಗ್. ಇನ್ನು ಪುಸ್ತಕ ಓದಿಕೋ" ಅಂದರು.

ಪುಸ್ತಕದಲ್ಲಿ ಇದ್ದದ್ದೂ ಹೆಚ್ಚೇನಲ್ಲ. ರೈಲು ಹೋಗಬೇಕಾದ ದಾರಿಯಲ್ಲಿನ ಪ್ರತಿಯೊಂದು ಪಾಯಿಂಟೂ ಸರಿಯಾದ ಕಡೆಗೆ ತಿರುಗಿ, ಬೀಗ ಬಿದ್ದು, ಗೇಟು ಮುಚ್ಚಿ ಅದಕ್ಕೂ ಬೀಗ ಬೀಳುವವರೆಗೆ ಸಿಗ್ನಲ್ ಕೊಡಲು ಬರಬಾರದು. ಸಿಗ್ನಲ್ ಕೊಟ್ಟಾದ ಮೇಲೆ ಅದನ್ನು ವಾಪಸು ಕೆಂಪು ಮಾಡದೆ ಆ ಪಾಯಿಂಟನ್ನಾಗಲಿ ಗೇಟನ್ನಾಗಲಿ ಅಲ್ಲಾಡಿಸಲು ಬರಬಾರದು. ಒಂದಕ್ಕೊಂದು ಅಡ್ಡ ಬರುವ ಎರಡು ದಾರಿಗಳಿಗೆ ಏಕಕಾಲದಲ್ಲಿ ಸಿಗ್ನಲ್ ಕೊಡಲು ಬರಬಾರದು. ಜಗತ್ತಿನ ಯಾವ ರೈಲ್ವೆಗೆ ಹೋದರೂ ಪದಗಳು ಬೇರೆ ಇರಬಹುದು, ತಿರುಳು ಇದೇ. ಉಕ್ಕಿನ ಕಚ್ಚಿನ ಜಾಗಕ್ಕೆ ರಿಲೇ, ಅಂದರೆ ಕರೆಂಟು ಹರಿದಾಗ ಅಯಸ್ಕಾಂತದಂತೆ ಎಳೆದುಕೊಳ್ಳುವ ಸ್ವಿಚ್ಚು, ಬಂತು, ರಿಲೇಯ ಜಾಗಕ್ಕೆ ಕಂಪ್ಯೂಟರ್ ಬಂತು. ಯಾವ ಸಿಗ್ನಲ್‌ಗೆ ಏನೇನು ಸರಿ ಇರಬೇಕು, ಅದು ಕೊಟ್ಟ ಮೇಲೆ ಏನೇನು ಅಲ್ಲಾಡಬಾರದು ಎಂದು ಸ್ಟೇಷನ್ನಿನ ಪ್ರತಿಯೊಂದು ದಾರಿಗೂ ಬರೆದಿಡುವ ಕೋಷ್ಟಕ ಇವತ್ತಿಗೂ ಕಾಗದದ ಮೇಲೆಯೇ ಹುಟ್ಟುತ್ತದೆ. ಕಂಪ್ಯೂಟರ್ ಓಡಿಸುವುದು ಆ ಕೋಷ್ಟಕವನ್ನೇ.

ಈಗ ಫೇಲ್ ಸೇಫ್. ಕೆಡುವುದಿಲ್ಲ ಎಂದು ಇದರ ಅರ್ಥವಲ್ಲ. ಕೆಟ್ಟೇ ಕೆಡುತ್ತದೆ, ಯಾವ ಕಡೆಗೆ ಕೆಡಬೇಕು ಎಂಬುದನ್ನು ಮೊದಲೇ ಗೊತ್ತು ಮಾಡಿಡುತ್ತಾರೆ. ಹಳೆಯ ಕೈಮರ ಸಿಗ್ನಲ್ ನೋಡಿದ್ದರೆ ನೆನಪಿರಬಹುದು: ಅದನ್ನು ಎಳೆಯುವ ತಂತಿ ತುಂಡಾದರೆ ಭಾರದ ತೂಕಕ್ಕೆ ಕೈ ತಾನಾಗಿಯೇ 'ನಿಲ್ಲು' ಸ್ಥಾನಕ್ಕೆ ಹೋಗುತ್ತದೆ. ದೀಪದ ಸಿಗ್ನಲ್‌ನಲ್ಲಿ ಬಲ್ಬೇ ಹೋಗಿ ಕತ್ತಲಾದರೆ ಲೋಕೋ ಪೈಲಟ್ ಅದನ್ನು ಕೆಂಪು ಎಂದೇ ಓದಬೇಕು.

ಈ ಯೋಚನೆ ಯಾರಿಗೂ ಮೊದಲ ಸಲಕ್ಕೇ ಹೊಳೆದದ್ದಲ್ಲ. ಅಮೆರಿಕದ ವಿಲಿಯಂ ರಾಬಿನ್‌ಸನ್ 1870ರಲ್ಲಿ ಹಾಕಿದ ಮೊದಲ ಸ್ವಯಂಚಾಲಿತ ಸಿಗ್ನಲ್‌ನಲ್ಲಿ, ರೈಲು ಬಂದಾಗ ವಿದ್ಯುತ್ ಹರಿದು ಸಿಗ್ನಲ್ ಅಪಾಯ ತೋರಿಸುತ್ತಿತ್ತು. ಕೇಳಲು ಸಹಜವಾಗಿಯೇ ಇದೆ, ಅಲ್ಲವೇ? ಆದರೆ ಬ್ಯಾಟರಿ ಸತ್ತರೆ? ತಂತಿ ತುಂಡಾದರೆ? ರೈಲು ಅಲ್ಲೇ ನಿಂತಿದ್ದರೂ ಸಿಗ್ನಲ್ ನಿಶ್ಚಿಂತೆಯಿಂದ 'ಬಾ' ಅನ್ನುತ್ತದೆ. ಅವರಿಗೆ ಇದು ಬೇಗನೆ ಹೊಳೆಯಿತು. ಇಡೀ ಲೆಕ್ಕವನ್ನು ತಲೆಕೆಳಗು ಮಾಡಿ 1872ರಲ್ಲಿ ಹೊಸ ಪೇಟೆಂಟ್ ಪಡೆದರು. ಇವತ್ತಿನ ಟ್ರ್ಯಾಕ್ ಸರ್ಕ್ಯೂಟ್ ಅದೇ.

ಅದು ಕೆಲಸ ಮಾಡುವ ಬಗೆ ಇಷ್ಟು ಸರಳ: ಹಳಿಯ ಒಂದು ಭಾಗವನ್ನು ಎರಡೂ ತುದಿಯಲ್ಲಿ ಇನ್ಸುಲೇಟ್ ಮಾಡಿ ಬೇರ್ಪಡಿಸುತ್ತಾರೆ. ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ. ಕರೆಂಟು ಒಂದು ಹಳಿಯಲ್ಲಿ ಹೋಗಿ, ರಿಲೇಯ ಸುರುಳಿ ಸುತ್ತಿ, ಮತ್ತೊಂದು ಹಳಿಯಲ್ಲಿ ವಾಪಸು ಬರುತ್ತದೆ. ರಿಲೇ ಎತ್ತಿಕೊಂಡಿದ್ದರೆ ಹಳಿ ಖಾಲಿ. ರೈಲು ಬಂದರೆ ಅದರ ಚಕ್ರ ಮತ್ತು ಅಚ್ಚು ಎರಡೂ ಹಳಿಗಳನ್ನು ಸೇರಿಸಿಬಿಡುತ್ತವೆ, ಕರೆಂಟು ಆ ಸುಲಭದ ದಾರಿ ಹಿಡಿಯುತ್ತದೆ, ಉಪವಾಸ ಬಿದ್ದ ರಿಲೇ ಕೆಳಗೆ ಬೀಳುತ್ತದೆ. ಬ್ಯಾಟರಿ ಸತ್ತರೂ ಬೀಳುತ್ತದೆ. ತಂತಿ ತುಂಡಾದರೂ ಬೀಳುತ್ತದೆ. ಹಳಿಯೇ ಮುರಿದು ಬೇರೆಯಾದರೂ ಹೆಚ್ಚಿನ ಸಂದರ್ಭಗಳಲ್ಲಿ ಬೀಳುತ್ತದೆ. ಅಂದರೆ ಇಲ್ಲಿ ಯಂತ್ರ ಹುಡುಕುವುದು ರೈಲನ್ನಲ್ಲ. ಹಳಿ ಖಾಲಿ ಇದೆ ಎಂಬುದಕ್ಕೆ ಅದು ಪ್ರತಿ ಕ್ಷಣವೂ ಪುರಾವೆ ಕೇಳುತ್ತದೆ. ಪುರಾವೆ ಬರದಿದ್ದರೆ, ಕಾರಣ ಏನೇ ಇರಲಿ, ರೈಲಿದೆ ಎಂದೇ ಲೆಕ್ಕ.

ಆ ರಿಲೇಯನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ನಿಮ್ಮ ಸ್ಟೆಬಿಲೈಜರಿನಲ್ಲಿ ಕಟಕಟ ಅನ್ನುವ ರಿಲೇಗೂ ಇದಕ್ಕೂ ಹೋಲಿಕೆ ಹೆಸರಿನಲ್ಲಿ ಮಾತ್ರ. ಮಾಮೂಲಿ ರಿಲೇಯಲ್ಲಿ ಕಿಡಿ ಹಾರಿ ಲೋಹಕ್ಕೆ ಲೋಹ ಬೆಸೆದುಕೊಂಡರೆ ಕರೆಂಟು ಹೋದರೂ ಅದು ಬಿಡುವುದಿಲ್ಲ. ಸಿಗ್ನಲ್ ರಿಲೇಯಲ್ಲಿ ಮುಖ್ಯ ಸಂಪರ್ಕದ ಒಂದು ಬದಿಗೆ ಬೆಳ್ಳಿ, ಇನ್ನೊಂದು ಬದಿಗೆ ಇದ್ದಿಲಿನ ಜಾತಿಯ ಕಾರ್ಬನ್ ಹಾಕುತ್ತಾರೆ. ಬೆಳ್ಳಿ ಇದ್ದಿಲಿಗೆ ಬೆಸೆದುಕೊಳ್ಳುವುದಿಲ್ಲ. ಕೆಳಗೆ ಬೀಳಿಸುವ ಕೆಲಸವನ್ನು ಹಲವು ಬಗೆಯ ರಿಲೇಗಳಲ್ಲಿ ಭೂಮಿಯ ಸೆಳೆತಕ್ಕೇ ಒಪ್ಪಿಸಿರುತ್ತಾರೆ. ಸ್ಪ್ರಿಂಗ್ ಸೋಲಬಹುದು, ಗುರುತ್ವಾಕರ್ಷಣೆ ರಜೆ ಹಾಕುವುದಿಲ್ಲ.

ಹಾಗೆಂದು ಟ್ರ್ಯಾಕ್ ಸರ್ಕ್ಯೂಟ್ ದೇವರಲ್ಲ. ಓಡಾಟ ಕಡಿಮೆಯಾಗಿ ಹಳಿಯ ಮೇಲೆ ತುಕ್ಕು ಕೂತರೆ, ಉದುರಿದ ಎಲೆ ಅರೆದು ಪದರ ಕಟ್ಟಿದರೆ, ಹಗುರವಾದ ಗಾಡಿಯ ಚಕ್ರ ಹಳಿಗೆ ಸರಿಯಾಗಿ ಮುಟ್ಟುವುದೇ ಇಲ್ಲ. ರೈಲಿದ್ದೂ ಹಳಿ ಖಾಲಿ ಎಂದು ತೋರಿಸುತ್ತದೆ. ನಮ್ಮ ಕಸುಬಿನಲ್ಲಿ ನಿದ್ದೆ ಕೆಡಿಸುವುದು ಈ ಜಾತಿಯ ದೋಷ. ಅಂಥ ಕಡೆ ಆಕ್ಸಲ್ ಕೌಂಟರ್ ಹಾಕುತ್ತಾರೆ. ಒಳಗೆ ಹೋದ ಅಚ್ಚುಗಳೆಷ್ಟು, ಹೊರಗೆ ಬಂದವೆಷ್ಟು ಎಂದು ಎಣಿಸಿ, ಲೆಕ್ಕ ತಾಳೆಯಾದರೆ ಮಾತ್ರ ಖಾಲಿ. ಇದಕ್ಕೆ ತುಕ್ಕಿನ ಚಿಂತೆಯಿಲ್ಲ, ಆದರೆ ಮುರಿದ ಹಳಿ ಇದಕ್ಕೆ ತಿಳಿಯುವುದೂ ಇಲ್ಲ. ಲೆಕ್ಕ ತಪ್ಪಿದರೆ ಮನುಷ್ಯನೇ ಖಾಲಿ ಇದೆ ಎಂದು ಖಚಿತ ಮಾಡಿಕೊಂಡು ರೀಸೆಟ್ ಮಾಡಬೇಕು. ಆ ಗಳಿಗೆಯಲ್ಲಿ ಪುರಾವೆ ಯಂತ್ರದ್ದಲ್ಲ, ಮನುಷ್ಯನ ಮಾತು. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಪಾಯಿಂಟಿನ ವಿಷಯದಲ್ಲೂ ಇದೇ ತಕರಾರು. ಮೋಟಾರಿಗೆ 'ತಿರುಗು' ಎಂದು ಹೇಳುವುದು ಬೇರೆ, ಅದು ತಿರುಗಿದೆ ಎಂದು ತಿಳಿಯುವುದು ಬೇರೆ. ಟಂಗ್ ರೈಲು (ಪಾಯಿಂಟಿನಲ್ಲಿ ಸರಿಯುವ ಚೂಪು ತುದಿಯ ಹಳಿ) ಸ್ಟಾಕ್ ರೈಲಿಗೆ (ಪಕ್ಕದ ಅಲ್ಲಾಡದ ಹಳಿಗೆ) ಅಂಟಿ ಕೂತಿದೆಯೇ, ಬೀಗ ಬಿದ್ದಿದೆಯೇ ಎಂದು ಪ್ರತ್ಯೇಕ ಕಡ್ಡಿ ಮತ್ತು ಸಂಪರ್ಕಗಳು ಹಳಿಯನ್ನೇ ಮುಟ್ಟಿ ವರದಿ ಮಾಡುತ್ತವೆ. ಇದನ್ನು ಡಿಟೆಕ್ಷನ್ ಅನ್ನುತ್ತೇವೆ. ಡಿಟೆಕ್ಷನ್ ಬರದೆ ಸಿಗ್ನಲ್ ಬರುವುದಿಲ್ಲ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ರಾತ್ರಿ ಪಾಳಿ. ಪಾಯಿಂಟ್ ಒಂದರ ಮೋಟಾರು ಓಡುತ್ತಿದೆ, ಡಿಟೆಕ್ಷನ್ ಬರುತ್ತಿಲ್ಲ. ಹಿಂದೆ ಮೂರು ರೈಲು ನಿಂತಿವೆ, ಕಂಟ್ರೋಲಿನಿಂದ ಐದೈದು ನಿಮಿಷಕ್ಕೆ ಫೋನು. ಟಾರ್ಚ್ ಹಿಡಿದು ನೋಡಿದೆ, ಟಂಗ್ ರೈಲು ಪೂರ್ತಿ ಕೂತ ಹಾಗೇ ಕಂಡಿತು. ಡಿಟೆಕ್ಷನ್ ಸಂಪರ್ಕವೇ ಕೊಳೆಯಾಗಿರಬೇಕು, ತಾತ್ಕಾಲಿಕವಾಗಿ ಒಂದು ತುಂಡು ತಂತಿ ಹಾಕಿ ಜೋಡಿಸಿದರೆ ರೈಲು ಬಿಡಬಹುದು, ಬೆಳಗ್ಗೆ ಸರಿ ಮಾಡಿದರಾಯಿತು ಎಂದು ನನ್ನ ಹಿರಿಯರಿಗೆ ಹೇಳಿದೆ. ಅವರು ಬೈಯಲಿಲ್ಲ. "ನೋಡಿದೀಯ ಸರಿ, ಮುಟ್ಟಿ ನೋಡಿದೀಯಾ?" ಅಂದರು. ವಾಪಸು ಹೋಗಿ ಮೊಣಕಾಲೂರಿ ಎರಡು ಹಳಿಗಳ ನಡುವೆ ಬೆರಳಾಡಿಸಿದೆ. ಹೆಬ್ಬೆರಳ ಉಗುರಿನಷ್ಟು ದೊಡ್ಡ ಜಲ್ಲಿಯ ಚಕ್ಕೆಯೊಂದು, ಗ್ರೀಸ್ ಮೆತ್ತಿಕೊಂಡು ಹಳಿಯ ಬಣ್ಣವೇ ಆಗಿ, ಅಲ್ಲಿ ಸಿಕ್ಕಿಕೊಂಡಿತ್ತು. ಟಂಗ್ ರೈಲು ಕೆಲವೇ ಮಿಲಿಮೀಟರ್ ದೂರ ನಿಂತಿತ್ತು. ಭಾರತೀಯ ರೈಲ್ವೆಯಲ್ಲಿ 5 ಮಿ.ಮೀ. ದಪ್ಪದ ಲೋಹದ ತುಂಡನ್ನು ಇದೇ ಸಂದಿಯಲ್ಲಿಟ್ಟು, ಪಾಯಿಂಟ್ ಬೀಗ ಹಾಕಿಕೊಳ್ಳಬಾರದು, ಡಿಟೆಕ್ಷನ್ ಬರಬಾರದು ಎಂದು ಪರೀಕ್ಷಿಸುತ್ತಾರೆ. ಚಕ್ರದ ಅಂಚು ಆ ಸಂದಿಗೆ ನುಗ್ಗಿದರೆ ಒಂದೇ ಬೋಗಿ ಎರಡು ದಾರಿ ಹಿಡಿಯುತ್ತದೆ. ನನ್ನ ಕಣ್ಣಿಗೆ ಕಾಣದ್ದು ಆ ಸಂಪರ್ಕಕ್ಕೆ ತಿಳಿದಿತ್ತು. ನಾನು ಜೋಡಿಸಬೇಕೆಂದಿದ್ದ ತುಂಡು ತಂತಿ ಆ ಒಂದೇ ಸಾಕ್ಷಿಯ ಬಾಯಿ ಮುಚ್ಚಿಸುತ್ತಿತ್ತು.

ಇನ್ನು ಸಮಯದ ಬೀಗ. ಹೊರಗಿನವರಿಗೆ ಇದು ತಿಳಿದಿರುವುದಿಲ್ಲ, ನನಗೆ ಮಾತ್ರ ಇಂಟರ್‌ಲಾಕಿಂಗಿನಲ್ಲಿ ಎಲ್ಲಕ್ಕಿಂತ ಜಾಣ್ಮೆಯ ಭಾಗ ಇದೇ ಅನ್ನಿಸುತ್ತದೆ. ಹಸಿರು ಕೊಟ್ಟಾಗಿದೆ, ರೈಲು ಗಂಟೆಗೆ 110 ಕಿ.ಮೀ. ವೇಗದಲ್ಲಿ ಬರುತ್ತಿದೆ. ಸ್ಟೇಷನ್ ಮಾಸ್ಟರ್ ಮನಸ್ಸು ಬದಲಿಸಿ ಸಿಗ್ನಲ್ ವಾಪಸು ಕೆಂಪು ಮಾಡುತ್ತಾರೆ. ನಿಯಮದ ಪ್ರಕಾರ ಕೆಂಪಾದ ಮೇಲೆ ಪಾಯಿಂಟ್ ಬಿಡುಗಡೆಯಾಗಬೇಕು. ಆದರೆ ರೈಲು? ಅದು ನಿಲ್ಲಲು ಇನ್ನೂ ಒಂದು ಕಿ.ಮೀ. ಬೇಕಾಗಬಹುದು, ಕೆಂಪು ದಾಟಿ ಪಾಯಿಂಟಿನ ಮೇಲೇ ಬಂದುಬಿಡಬಹುದು. ಆದ್ದರಿಂದ ರೈಲು ಸಿಗ್ನಲ್ ಹತ್ತಿರ ಬಂದಿದ್ದರೆ ದಾರಿ ರದ್ದಾದ ಮೇಲೂ ಪಾಯಿಂಟಿನ ಬೀಗ ಒಂದಷ್ಟು ಹೊತ್ತು ಬಿಡುವುದಿಲ್ಲ. ಅನೇಕ ಕಡೆ ಇದು 120 ಸೆಕೆಂಡು. ಸಿಗ್ನಲ್, ಪಾಯಿಂಟ್‌ಗಳನ್ನು ನಡೆಸುವ ಗುಂಡಿಗಳ ಪ್ಯಾನೆಲ್ ಮುಂದೆ ಕೂತವರಿಗೆ ಆ ಎರಡು ನಿಮಿಷ ಎರಡು ಗಂಟೆ. ಎಷ್ಟು ಶಾಪ ಕೇಳಿದ್ದೇನೋ ಲೆಕ್ಕವಿಲ್ಲ.

ರೈಲು ದಾರಿಯೊಳಗೆ ಬಂದ ಮೇಲೆ ಸಿಗ್ನಲ್ ಅದರ ಹಿಂದೆ ಕೆಂಪಾಗುತ್ತದೆ, ಬೀಗ ಮಾತ್ರ ರೈಲು ಪೂರ್ತಿ ದಾಟುವವರೆಗೆ ಉಳಿಯುತ್ತದೆ. ದಾಟಿದೆ ಎಂದು ನಂಬುವುದಕ್ಕೂ ಕ್ರಮವಿದೆ: ಹಳಿಯ ಮೊದಲ ತುಂಡು ತುಂಬಬೇಕು, ಆಮೇಲೆ ಎರಡನೆಯದು ತುಂಬಬೇಕು, ಆಮೇಲೆ ಮೊದಲನೆಯದು ಖಾಲಿಯಾಗಬೇಕು. ಒಂದೇ ಟ್ರ್ಯಾಕ್ ಸರ್ಕ್ಯೂಟ್ ಮಿಟುಕಿ ವಾಪಸು ಬಂದರೆ ಅದನ್ನು ರೈಲು ಹೋಯಿತು ಎಂದು ಒಪ್ಪುವುದಿಲ್ಲ. ರೈಲುಗಳು ಹಾರುವುದಿಲ್ಲ ಎಂಬ ಒಂದು ಸತ್ಯದ ಮೇಲೆ ನಿಂತ ತರ್ಕ ಇದು.

ಓವರ್‌ಲ್ಯಾಪ್ ಬಗ್ಗೆ ಎರಡೇ ಮಾತು. ಕೆಂಪು ಸಿಗ್ನಲ್ಲಿನ ಆಚೆಗೂ ಒಂದು ನೂರು, ಇನ್ನೂರು ಮೀಟರಷ್ಟು ಹಳಿಯನ್ನು ಖಾಲಿಯಾಗಿ, ಬೀಗ ಹಾಕಿ ಇಟ್ಟಿರುತ್ತಾರೆ, ಬ್ರೇಕ್ ಸ್ವಲ್ಪ ತಡವಾದರೂ ಅನಾಹುತವಾಗದಿರಲಿ ಎಂದು. ಆದರೆ ಚಾಲಕರು ಕೆಂಪನ್ನು ಪೂರ್ತಿ ಕಡೆಗಣಿಸಿ ನುಗ್ಗಿದರೆ ಇಂಟರ್‌ಲಾಕಿಂಗ್‌ಗೆ ರೈಲಿನ ಬ್ರೇಕ್ ಹಿಡಿಯುವ ಕೈಯಿಲ್ಲ. ಅದಕ್ಕೆ ರೈಲಿನೊಳಗೇ ಕೂತು ಬ್ರೇಕ್ ಹಾಕುವ ಪ್ರತ್ಯೇಕ ವ್ಯವಸ್ಥೆ ಬೇಕು. ಜನ ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಕಂಪ್ಯೂಟರ್ ಬಂದ ಮೇಲೆ ಏನು ಬದಲಾಯಿತು ಎಂದು ಮುಂದೆ ಯಾರಾದರೂ ಕೇಳೇ ಕೇಳುತ್ತೀರಿ. 1978ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಮೊದಲ ಕಂಪ್ಯೂಟರ್ ಇಂಟರ್‌ಲಾಕಿಂಗ್ ಶುರುವಾಯಿತು. ಕಂಪ್ಯೂಟರಿನ ತೊಂದರೆ ಏನೆಂದರೆ ಅದಕ್ಕೆ ಗುರುತ್ವಾಕರ್ಷಣೆ ಇಲ್ಲ. ಕೆಟ್ಟರೆ ಸೊನ್ನೆಯೂ ಆಗಬಹುದು, ಒಂದೂ ಆಗಬಹುದು. ಅದಕ್ಕೇ ಎರಡು ಅಥವಾ ಮೂರು ಪ್ರೊಸೆಸರ್‌ಗಳು ಒಂದೇ ಲೆಕ್ಕವನ್ನು ಬೇರೆಬೇರೆಯಾಗಿ ಮಾಡಿ ತಾಳೆ ನೋಡುತ್ತವೆ. ಮೂರರಲ್ಲಿ ಒಂದು ಬೇರೆ ಹೇಳಿದರೆ ಅದನ್ನು ಹೊರಗಿಟ್ಟು ಉಳಿದೆರಡು ಮುಂದುವರಿಯುತ್ತವೆ. ಆ ಎರಡರ ನಡುವೆಯೂ ತಕರಾರು ಬಂದರೆ ಎಲ್ಲ ಕೆಂಪು. ಅತ್ಯುನ್ನತ ಸುರಕ್ಷತಾ ಮಟ್ಟವಾದ ಎಸ್ಐಎಲ್ 4ರಲ್ಲಿ, ಒಂದು ಕಾರ್ಯಕ್ಕೆ ಅಪಾಯದ ಕಡೆಗೆ ಕೆಡುವ ಸಾಧ್ಯತೆ ಸರಾಸರಿ 10 ಕೋಟಿ ಗಂಟೆಗೆ ಒಂದಕ್ಕಿಂತ ಕಡಿಮೆ ಇರಬೇಕು. 10 ಕೋಟಿ ಗಂಟೆ ಎಂದರೆ 11,000 ವರ್ಷಕ್ಕೂ ಹೆಚ್ಚು.

ಹಾಗಾದರೆ ಗುದ್ದುವುದು ಹೇಗೆ? ಯಂತ್ರ ಪುರಾವೆ ಕೇಳುತ್ತದೆ ಎಂದೆನಲ್ಲ, ಸುಳ್ಳು ಪುರಾವೆ ತಂದುಕೊಟ್ಟರೆ ಅದನ್ನೂ ನಂಬುತ್ತದೆ.

1988ರ ಡಿಸೆಂಬರ್ 12ರ ಬೆಳಿಗ್ಗೆ ಲಂಡನ್ನಿನ ಕ್ಲಾಪ್‌ಹ್ಯಾಮ್ ಜಂಕ್ಷನ್ ಬಳಿ ನಿಂತಿದ್ದ ರೈಲಿಗೆ ಹಿಂದಿನಿಂದ ಇನ್ನೊಂದು ರೈಲು ಗುದ್ದಿ 35 ಜನ ಸತ್ತರು. ಹಿಂದಿನ ರೈಲಿನ ಚಾಲಕನ ತಪ್ಪಿರಲಿಲ್ಲ. ನಿಂತ ರೈಲು ಟ್ರ್ಯಾಕ್ ಸರ್ಕ್ಯೂಟನ್ನು ಸರಿಯಾಗಿಯೇ ಬೀಳಿಸಿತ್ತು, ಆದರೂ ಸಿಗ್ನಲ್ ಕೆಂಪಾಗಲಿಲ್ಲ. ಕೆಲವು ದಿನಗಳ ಹಿಂದೆ ಹೊಸ ವೈರಿಂಗ್ ಹಾಕುವಾಗ ಹಳೆಯ ತಂತಿಯೊಂದರ ಒಂದು ತುದಿಯನ್ನು ಬಿಚ್ಚಿ ಪಕ್ಕಕ್ಕೆ ಬಾಗಿಸಿ ಬಿಟ್ಟಿದ್ದರು. ಕತ್ತರಿಸಿರಲಿಲ್ಲ, ತುದಿಗೆ ಟೇಪೂ ಸುತ್ತಿರಲಿಲ್ಲ. ಇನ್ನೊಂದು ತುದಿ ಜೋಡಿಸಿಯೇ ಇತ್ತು. ಅಪಘಾತದ ಹಿಂದಿನ ದಿನ ಪಕ್ಕದಲ್ಲೇ ಬೇರೆ ಕೆಲಸ ನಡೆದಾಗ ಆ ತಂತಿ ಅಲುಗಿ ತನ್ನ ಹಳೆಯ ಜಾಗಕ್ಕೇ ಹೋಗಿ ತಾಗಿತು. ಟ್ರ್ಯಾಕ್ ರಿಲೇ ಬಿದ್ದು ಕಡಿದ ಕರೆಂಟು ಈ ತಂತಿಯ ಮೂಲಕ ಹಿಂಬಾಗಿಲಿನಿಂದ ಬಂತು. ವಿಚಾರಣೆಯಲ್ಲಿ ಹೊರಬಿದ್ದ ಇನ್ನೊಂದು ಸಂಗತಿ: ಆ ಕೆಲಸ ಮಾಡಿದ ತಂತ್ರಜ್ಞನಿಗೆ 13 ವಾರಗಳಲ್ಲಿ ಸಿಕ್ಕಿದ್ದು ಒಂದೇ ರಜೆ. ಕೆಲಸವಾದ ಮೇಲೆ ಇನ್ನೊಬ್ಬರು ಬಂದು ತಂತಿಗಳನ್ನು ಒಂದೊಂದಾಗಿ ಎಣಿಸಬೇಕಿತ್ತು. ಅದು ಆಗಿರಲಿಲ್ಲ.

2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಗಾ ಬಜಾರ್‌ನಲ್ಲಿ ಆದದ್ದೂ ಇದೇ ಜಾತಿಯದು. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿನಲ್ಲಿ ಹೋಗಲು ಹಸಿರು ಇತ್ತು, ಪಾಯಿಂಟ್ ಇದ್ದದ್ದು ಲೂಪಿಗೆ. ಲೂಪಿನಲ್ಲಿ ಗೂಡ್ಸ್ ನಿಂತಿತ್ತು. 290ಕ್ಕೂ ಹೆಚ್ಚು ಜನ ಸತ್ತರು. ಇಂಟರ್‌ಲಾಕಿಂಗಿನ ಮೊದಲ ನಿಯಮವನ್ನೇ ಮುರಿದ ಹಾಗಿದೆ, ಅಲ್ಲವೇ? ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಬೊಟ್ಟು ಮಾಡಿದ್ದು, ಹಿಂದೆ ಯಾವಾಗಲೋ ಸಿಗ್ನಲ್ ಸರ್ಕ್ಯೂಟ್ ಬದಲಿಸುವಾಗ ಆದ ಲೋಪಗಳ ಕಡೆಗೆ ಮತ್ತು ಲೆವೆಲ್ ಕ್ರಾಸಿಂಗ್ ಗೇಟಿನ ತಡೆಗೋಲು ಬದಲಿಸುವ ಕೆಲಸದಲ್ಲಿ ಆದ ಲೋಪಗಳ ಕಡೆಗೆ. ಪಾಯಿಂಟ್ ನೇರವಾಗಿದೆ ಎಂಬ ಸುಳ್ಳು ಸುದ್ದಿ ಒಳಗೆ ಹೋಯಿತು, ಒಳಗಿನ ತರ್ಕ ಆ ಸುದ್ದಿಗೆ ತಕ್ಕ ಹಾಗೆ ಚಾಚೂ ತಪ್ಪದೆ ನಡೆದುಕೊಂಡಿತು.

ಇಂಥ ಕೆಲಸದ ಪಾಳಿಗಳನ್ನು ನೋಡಿದವನಾಗಿ ಹೇಳುತ್ತೇನೆ, ಒತ್ತಡ ಬರುವುದು ಸುರಕ್ಷಿತ ಕಡೆಗೆ ಕೆಟ್ಟಾಗಲೇ. ಎಲ್ಲ ಕೆಂಪಾಗಿದೆ, ರೈಲುಗಳು ಸಾಲುಗಟ್ಟಿವೆ, ಯಂತ್ರ ತನ್ನ ಧರ್ಮ ಪಾಲಿಸಿ ಕೈಕಟ್ಟಿ ನಿಂತಿದೆ. ಈಗ ರೈಲು ನಡೆಸುವುದು ಮನುಷ್ಯ: ಕೈಯಿಂದ ಪಾಯಿಂಟ್ ತಿರುಗಿಸಿ, ಕ್ಲ್ಯಾಂಪ್ ಹಾಕಿ, ಬೀಗ ಜಡಿದು, ಕಾಗದದ ಅನುಮತಿ ಚೀಟಿ ಕೊಟ್ಟು. ಅಥವಾ ನಾನು ಅವತ್ತು ಯೋಚಿಸಿದ ಹಾಗೆ ಒಂದು ತುಂಡು ತಂತಿ ಹಾಕಿ. ಆದ್ದರಿಂದ ಪದೇಪದೇ ಕೆಂಪಿಗೆ ಬೀಳುವ ಸಿಗ್ನಲ್ಲನ್ನು 'ಸುರಕ್ಷಿತವಾಗಿಯೇ ಕೆಡುತ್ತಿದೆಯಲ್ಲ' ಎಂದು ಬಿಡುವುದನ್ನು ನಾನು ಒಪ್ಪುವುದಿಲ್ಲ. ಅದು ಜನರಿಗೆ ಅಡ್ಡದಾರಿ ಕಲಿಸುತ್ತದೆ.

ಸುಳ್ಳು ಪುರಾವೆ ಹಿಡಿಯಲು ಇರುವ ದಾರಿ ಬೇಸರ ಹುಟ್ಟಿಸುವಂಥದು. ವೈರಿಂಗ್ ಮುಟ್ಟಿದ ಮೇಲೆ ರೈಲು ಬಿಡುವ ಮುಂಚೆ ಒಬ್ಬರು ಪ್ಯಾನೆಲ್ ಮುಂದೆ ಕೂರುತ್ತಾರೆ, ಇನ್ನೊಬ್ಬರು ಪಾಯಿಂಟಿನ ಪಕ್ಕದಲ್ಲೇ ನಿಲ್ಲುತ್ತಾರೆ. "ನಿಮ್ಮಲ್ಲಿ ನೇರ ಇದೆಯಾ?" "ನೇರ ಇದೆ, ಕಣ್ಣಾರೆ ನೋಡಿ ಹೇಳ್ತಿದ್ದೀನಿ." ಪಾಯಿಂಟ್ ತಿರುಗಿಸಿ ಮತ್ತೆ ಅದೇ ಪ್ರಶ್ನೆ. ಮುಖ್ಯವಾದ ಭಾಗ ಆಮೇಲಿನದು. ಸಿಗ್ನಲ್ ಹಸಿರು ಮಾಡಿಟ್ಟು, ಅದಕ್ಕೆ ಬೇಕಾದ ಒಂದೊಂದನ್ನೂ ಸರದಿಯಲ್ಲಿ ಕೀಳುತ್ತಾರೆ: ಈ ಟ್ರ್ಯಾಕ್ ಸರ್ಕ್ಯೂಟಿಗೆ ಶಾರ್ಟ್ ಕೊಡು, ಕೆಂಪಾಯಿತಾ? ಆ ಪಾಯಿಂಟಿನ ಡಿಟೆಕ್ಷನ್ ತೆಗಿ, ಕೆಂಪಾಯಿತಾ? ಗೇಟಿನ ಬೀಗದ ಸಂಪರ್ಕ ಬಿಚ್ಚು, ಕೆಂಪಾಯಿತಾ? ಬಹನಗಾದಲ್ಲಿ ಕೆಲಸ ಮುಗಿದ ಮೇಲೆ ಪಾಯಿಂಟಿನ ಪಕ್ಕದಲ್ಲಿ ಒಬ್ಬರು ನಿಂತು ಮೊದಲ ಪ್ರಶ್ನೆಗೆ ಉತ್ತರಿಸಿದ್ದರೆ ಸಾಕಿತ್ತು, ತಪ್ಪು ಅಲ್ಲೇ ಸಿಕ್ಕುತ್ತಿತ್ತು. ಸಣ್ಣ ಸ್ಟೇಷನ್ನಿಗೂ ಈ ಪ್ರಶ್ನೆ ನೂರಾರು ಸಲ ಬರುತ್ತದೆ, ಮತ್ತು ನೂರಾರು ಸಲವೂ ಉತ್ತರ 'ಕೆಂಪಾಯಿತು' ಎಂದೇ ಬರಬೇಕು. ಕೊನೆಗೆ ಬಿಚ್ಚಿದ ಹಳೆಯ ತಂತಿಗಳನ್ನು ಎರಡೂ ತುದಿಯಿಂದ ಹೊರಗೆಳೆದು, ಪ್ರತಿ ಟರ್ಮಿನಲ್ಲಿನಲ್ಲೂ ನಕ್ಷೆಯಲ್ಲಿದ್ದಷ್ಟೇ ತಂತಿಗಳಿವೆಯೇ ಎಂದು, ಆ ಕೆಲಸ ಮಾಡಿರದ ಇನ್ನೊಬ್ಬರು ಎಣಿಸಿ ಸಹಿ ಹಾಕುತ್ತಾರೆ.